ಇಂಟರ್‌ನೆಟ್ ನಿಂತರೆ ರೇಷನ್ನೂ ನಿಲ್ಲುತ್ತದೆ: ಧಾರವಾಡದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ಪ್ರಲ್ಹಾದ ಜೋಶಿಯವರಿಗೆ,
ಕೇಂದ್ರ ಸಚಿವರು ಹಾಗೂ ಧಾರವಾಡ ಕ್ಷೇತ್ರದ ಸಂಸದರು



ನಾನು ಅಣ್ಣಿಗೇರಿ ತಾಲ್ಲೂಕಿನವನು. ಊರಲ್ಲೇ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನಿಮಗೆ ಮತ ಹಾಕಿದವರೂ ಹಾಕದವರೂ ನಮ್ಮ ಮನೆಯಲ್ಲಿದ್ದಾರೆ. ಇಂಟರ್‌ನೆಟ್ ಕಾನೂನುಗಳ ವಿಷಯವನ್ನು ಐಟಿ ಸಚಿವರಿಗೆ ಬರೆಯುವುದು ಬಿಟ್ಟು ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. 2019ರಿಂದ 2024ರವರೆಗೆ ನೀವು ಸಂಸದೀಯ ವ್ಯವಹಾರಗಳ ಸಚಿವರಾಗಿದ್ದಿರಿ; ಈಗ ಆಹಾರ ಮತ್ತು ಪಡಿತರದ ಖಾತೆ ನಿಮ್ಮ ಕೈಯಲ್ಲಿದೆ. ನಾನು ಹೇಳಬೇಕಾದದ್ದು ಈ ಎರಡಕ್ಕೂ ಸೇರಿದ್ದು.

ಪಡಿತರದಿಂದಲೇ ಶುರು ಮಾಡುತ್ತೇನೆ. ತಿಂಗಳ ಅಕ್ಕಿ ಬಂದ ದಿನ ನಮ್ಮ ಕಡೆಯ ಯಾವುದೇ ನ್ಯಾಯಬೆಲೆ ಅಂಗಡಿಯ ಮುಂದೆ ಅರ್ಧ ತಾಸು ನಿಂತು ನೋಡಿ. ಕುಂದಗೋಳದ ಕಡೆ ಮೆಣಸಿನಕಾಯಿ ಬಿಡಿಸಿ, ನವಲಗುಂದದ ಎರೆಹೊಲದಲ್ಲಿ ಕಡಲೆ ಕಿತ್ತು ಬೆರಳ ಗೆರೆ ಸವೆದ ಹೆಂಗಸರು ಒಂದೊಂದೇ ಬೆರಳನ್ನು ಸೆರಗಿಗೆ ಒರೆಸಿಕೊಂಡು ಯಂತ್ರದ ಮೇಲೆ ಇಡುತ್ತಾರೆ. ಹೆಬ್ಬೆಟ್ಟು ಹತ್ತದಿದ್ದರೆ ತೋರುಬೆರಳು, ಅದೂ ಹತ್ತದಿದ್ದರೆ ಮೊಬೈಲಿಗೆ ಒಟಿಪಿ. ಕಲಘಟಗಿಯ ಕಾಡಂಚಿನ ಊರುಗಳಲ್ಲಿ ಅಂಗಡಿಯವನು ಯಂತ್ರವನ್ನು ಕೈಯಲ್ಲಿ ಹಿಡಿದು ಸಿಗ್ನಲ್ ಹುಡುಕುತ್ತ ಕಟ್ಟೆಗೆ ಬರುತ್ತಾನೆ. "ಸರ್ವರ್ ಇಲ್ಲಬೇ ಯವ್ವಾ, ನಾಳೆ ಬಾ" ಅಂದರೆ ಆಕೆಯ ಒಂದು ದಿನದ ಕೂಲಿ ಹೋಯಿತು.

ಆ ಯಂತ್ರದ ಹೊಟ್ಟೆಯಲ್ಲಿರುವುದು ಸಾಮಾನ್ಯವಾಗಿ ನಿಮ್ಮ, ನನ್ನ ಫೋನಿನಲ್ಲಿರುವಂಥದೇ ಒಂದು ಸಿಮ್. ಗಲಾಟೆಯ ಭಯದಿಂದ ಸರ್ಕಾರ "ಮೊಬೈಲ್ ಇಂಟರ್‌ನೆಟ್ ಸ್ಥಗಿತ" ಎಂದು ಆದೇಶ ಹೊರಡಿಸಿದಾಗ ಕಂಪನಿಗಳು ಆ ಪ್ರದೇಶದ ಟವರುಗಳಲ್ಲಿ ಡೇಟಾ ನಿಲ್ಲಿಸುತ್ತವೆ. ವದಂತಿ ಹಬ್ಬಿಸುವವನ ಫೋನ್ ಯಾವುದು, ಅಕ್ಕಿ ಅಳೆಯುವ ಯಂತ್ರ ಯಾವುದು ಎಂದು ಟವರು ಬೇರ್ಪಡಿಸಿ ನೋಡುವುದಿಲ್ಲ. ಎರಡೂ ಒಟ್ಟಿಗೆ ಸುಮ್ಮನಾಗುತ್ತವೆ. 2023ರ ಜನವರಿ 1ರಿಂದ ನರೇಗಾ ಕೂಲಿಯ ಹಾಜರಿಯನ್ನೂ ದಿನಕ್ಕೆರಡು ಸಲ ಆ್ಯಪ್‌ನಲ್ಲಿ ಫೋಟೊ ಹಾಕಿಯೇ ದಾಖಲಿಸಬೇಕೆಂದು ಕಡ್ಡಾಯ ಮಾಡಲಾಯಿತು. ಅದೇ ವರ್ಷ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಮತ್ತು ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ಸೇರಿ ಪ್ರಕಟಿಸಿದ ವರದಿ, ಇಂಟರ್‌ನೆಟ್ ನಿಂತ ಕಡೆ ಬಡವರ ಕೂಲಿ ಮತ್ತು ಪಡಿತರ ಹೇಗೆ ನಿಂತವು ಎಂಬುದನ್ನು ದಾಖಲಿಸಿದೆ. ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ನಮ್ಮ ದೇಶದಲ್ಲಿ ಇಂಟರ್‌ನೆಟ್ ನಿಂತದ್ದು 84 ಸಲ. ಬೇರೆ ಯಾವ ಪ್ರಜಾಪ್ರಭುತ್ವದಲ್ಲೂ ಇಷ್ಟಿಲ್ಲ.

ಇದು ಕಾಶ್ಮೀರ, ಮಣಿಪುರಗಳ ಮಾತು, ನಮಗೇಕೆ ಎನ್ನುವಂತಿಲ್ಲ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ 48 ಗಂಟೆಗಳ ಕಾಲ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಲು ನಮ್ಮದೇ ರಾಜ್ಯ ಆದೇಶಿಸಿತ್ತು. ಮರುತಿಂಗಳೇ, 2020ರ ಜನವರಿ 10ರಂದು, ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದಿತು. ನಿಯಮಗಳು ಆಮೇಲೆ ತಿದ್ದುಪಡಿಯಾದವು. ಆದರೆ ಆದೇಶ ಸರಿಯೋ ತಪ್ಪೋ ಎಂದು ಪರಿಶೀಲಿಸುವ ಸಮಿತಿಯಲ್ಲಿ ಇಂದಿಗೂ ಕೂರುವವರು ಸರ್ಕಾರದ ಕಾರ್ಯದರ್ಶಿಗಳೇ. ಆದೇಶ ಕೊಟ್ಟ ಸರ್ಕಾರದ ಅಧಿಕಾರಿಗಳೇ ಅದನ್ನು ತೂಗುವುದು ಯಾವ ನ್ಯಾಯ? ಎಷ್ಟು ಸಲ ನಿಲ್ಲಿಸಿದ್ದೀರಿ, ಅದರಿಂದ ಆದ ಲಾಭವೇನು ಎಂದು ಸಂಸತ್ತಿನ ಸ್ಥಾಯಿ ಸಮಿತಿ ಕೇಳಿದಾಗ ಕೇಂದ್ರದ ಬಳಿ ಲೆಕ್ಕವೇ ಇರಲಿಲ್ಲ. ಒಂದು ದಾಖಲೆ ಇಡಿ ಎಂದು ಆ ಸಮಿತಿ 2021ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿತು.

ಇಂಟರ್‌ನೆಟ್ ನಿಂತರೆ ಸತ್ಯವೂ ಹೊರಗೆ ಬಾರದು ಎಂಬ ಮಾತು ನಮ್ಮ ನೆಲಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. 2016ರ ಜುಲೈನಲ್ಲಿ ಮಹದಾಯಿ ನದಿನೀರಿನ ನ್ಯಾಯಮಂಡಳಿ ನೀರು ಕೇಳಿದ್ದ ರಾಜ್ಯದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಹೊತ್ತಿಕೊಂಡಿತು. ಆಮೇಲೆ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರು ಎನ್ನದೆ ಹೊಡೆದದ್ದನ್ನು ನಾಡೆಲ್ಲ ಕಂಡಿತು. ಕಂಡದ್ದರಿಂದಲೇ ಪ್ರಶ್ನೆ ಎದ್ದಿತು. ಆ ವಾರ ಇಲ್ಲಿಂದ ಒಂದು ಚಿತ್ರವೂ ಹೊರಗೆ ಹೋಗದಂತೆ ಮಾಡಿದ್ದರೆ ಯಮನೂರಿನವರ ಮಾತನ್ನು ಯಾರು ನಂಬುತ್ತಿದ್ದರು? ವದಂತಿಯಿಂದ ಜೀವ ಹೋಗುವುದು ನನಗೂ ಗೊತ್ತು. ಆದರೆ ವದಂತಿ ಫೋನ್ ಕರೆಯಲ್ಲೂ ಹರಡುತ್ತದೆ. ಅದನ್ನು ಸುಳ್ಳೆಂದು ಹೇಳಬೇಕಾದ ಪೊಲೀಸರ, ಪತ್ರಿಕೆಗಳ ದನಿಯನ್ನೇ ಇಂಟರ್‌ನೆಟ್ ಸ್ಥಗಿತ ಮೊದಲು ಅಡಗಿಸುತ್ತದೆ.

ಇನ್ನು ಸಂಸತ್ತಿನ ಮಾತು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದ ಟೆಲಿಕಾಂ ಮಸೂದೆ 2023ರ ಡಿಸೆಂಬರ್ 18ರಂದು ಲೋಕಸಭೆಯಲ್ಲಿ ಮಂಡನೆಯಾಗಿ, 20ರಂದು ಅಲ್ಲಿಯೂ 21ರಂದು ರಾಜ್ಯಸಭೆಯಲ್ಲಿಯೂ ಪಾಸಾಯಿತು. ನೂರಮೂವತ್ತೆಂಟು ವರ್ಷ ಬಾಳಿದ ಕಾನೂನನ್ನು ಬದಲಿಸಲು ನಾಲ್ಕು ದಿನ. ಇಂಟರ್‌ನೆಟ್ ನಿಲ್ಲಿಸುವ ಅಧಿಕಾರವೂ ಅದರಲ್ಲೇ ಇದೆ. ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ ಅಮಾನತಾದ ವಿರೋಧ ಪಕ್ಷದ ಸದಸ್ಯರು 146 ಮಂದಿ. ಸಂಸದೀಯ ವ್ಯವಹಾರಗಳ ಸಚಿವರು ಆಗ ನೀವೇ.

ಇದು ಒಂದೇ ಪಕ್ಷದ ಚಾಳಿಯಲ್ಲ ಎಂಬುದನ್ನೂ ಹೇಳಲೇಬೇಕು. 2008ರ ಡಿಸೆಂಬರ್‌ನಲ್ಲಿ ಯುಪಿಎ ಸರ್ಕಾರ ಐಟಿ ಕಾಯ್ದೆಗೆ ತಿದ್ದುಪಡಿ ತಂದದ್ದೂ ಗದ್ದಲದ ನಡುವೆ, ಚರ್ಚೆ ಇಲ್ಲದೆ. ಆಗ ನೀವು ವಿರೋಧ ಪಕ್ಷದ ಸಾಲಿನಲ್ಲಿದ್ದಿರಿ. ಆ ತಿದ್ದುಪಡಿಯಿಂದ ಬಂದ 66ಎ ಕಲಮು ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದ ಹುಡುಗಿಯರನ್ನೂ ಠಾಣೆಗೆ ಎಳೆಸಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ ಸರ್ಕಾರ ದ್ವೇಷ ಭಾಷಣ ತಡೆ ಮಸೂದೆಯನ್ನು ಗದ್ದಲದಲ್ಲೇ ಪಾಸು ಮಾಡಿದಾಗ, ಅದು ಎದುರಾಳಿಗಳ ಬಾಯಿ ಮುಚ್ಚಿಸಲು ಬಳಕೆಯಾದೀತು ಎಂದು ನಿಮ್ಮ ಪಕ್ಷ ಪ್ರತಿಭಟಿಸಿತು. ಆ ಆತಂಕ ನ್ಯಾಯವಾದದ್ದು. ಅದೇ ಆತಂಕ ದೆಹಲಿಯ ಕಾನೂನುಗಳ ಬಗ್ಗೆ ನನಗಿದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಮಾಹಿತಿ ಹಕ್ಕಿಗೆ ಬಿದ್ದ ಕತ್ತರಿ. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಇಂಥ ಕಾಯ್ದೆ ಬೇಕೇ ಬೇಕು. ಜನರ ಆಧಾರ್, ಫೋನ್ ನಂಬರುಗಳು ಎಷ್ಟು ಸಲೀಸಾಗಿ ಕೈಬದಲಾಗುತ್ತವೆ ಎಂಬುದು ನನ್ನ ವೃತ್ತಿಯವರಿಗೆಲ್ಲ ಗೊತ್ತು. ಆದರೆ ಅದರ 44(3)ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿತು. 2025ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಮೊದಲು, ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಸಾಲು ಅಲ್ಲಿತ್ತು. ನೀವು ಕೇಳಿದರೆ ಸಿಗುವುದು ನಾನು ಕೇಳಿದರೂ ಸಿಗಬೇಕು ಎಂದು ಅದರ ಅರ್ಥ. ಆ ಸಾಲು ಈಗಿಲ್ಲ. ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎನ್ನುವ 8(2) ಇನ್ನೂ ಇದೆಯಲ್ಲ ಎನ್ನುತ್ತದೆ ಸರ್ಕಾರ. ಇದೆ. ಆದರೆ ಬೆಳೆವಿಮೆ ಯಾರಿಗೆ ಬಂತು, ನರೇಗಾ ಹಾಜರಿಯಲ್ಲಿ ಯಾರ ಹೆಸರಿದೆ, ರೇಷನ್ ಪಟ್ಟಿಯಿಂದ ಯಾರು ಬಿಟ್ಟುಹೋದರು ಎಂದು ಅರ್ಜಿ ಹಾಕುವ ರೈತನಿಗೆ "ಇದು ವೈಯಕ್ತಿಕ ಮಾಹಿತಿ" ಎಂದು ಒಂದು ಸಾಲಿನ ಉತ್ತರ ಬರೆದು ಕಳಿಸುವುದು ಕಚೇರಿಗಳಿಗೆ ಈಗ ಬಲು ಸುಲಭ. ಹೆಬ್ಬೆಟ್ಟು, ಮುಖ, ಖಾತೆ ಎಲ್ಲವನ್ನೂ ನಾವು ಸರ್ಕಾರಕ್ಕೆ ಒಪ್ಪಿಸಿದ್ದೇವೆ. ನಮ್ಮ ಪ್ರಶ್ನೆಗೆ ಮಾತ್ರ ಸರ್ಕಾರ ಬಾಗಿಲು ಹಾಕಿಕೊಳ್ಳುತ್ತಿದೆ.

1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಗೋಲಿಬಾರಿಗೆ ಜೀವ ತೆತ್ತದ್ದು ತಮ್ಮನ್ನು ಕೇಳದೆ ತಮ್ಮ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ. ಹುತಾತ್ಮ ರೈತರ ದಿನಕ್ಕೆ ಪ್ರತಿ ವರ್ಷ ಎಲ್ಲ ಪಕ್ಷದವರೂ ಹಾರ ಹಿಡಿದು ಬರುತ್ತಾರೆ. ಇಂಟರ್‌ನೆಟ್ ಕಾನೂನುಗಳ ಬಗ್ಗೆಯೂ ನಮ್ಮನ್ನು ಯಾರೂ ಕೇಳಿಲ್ಲ.

ಆದ್ದರಿಂದ ಸಂಸದರೇ, ನಿಮ್ಮ ಇಲಾಖೆಯಿಂದಲೇ ಆರಂಭಿಸಿ. ಸಿಗ್ನಲ್ ಇಲ್ಲದ ದಿನ, ಇಂಟರ್‌ನೆಟ್ ನಿಲ್ಲಿಸಿದ ದಿನ, ಹೆಬ್ಬೆಟ್ಟು ಹತ್ತದ ದಿನ ಕಾರ್ಡು ನೋಡಿ, ವಹಿಯಲ್ಲಿ ಸಹಿ ಮಾಡಿಸಿಕೊಂಡು ಅಕ್ಕಿ ಕೊಡಲೇಬೇಕು ಎಂಬ ಸ್ಪಷ್ಟ ಆದೇಶ ಪ್ರತಿ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ. ಇಂಟರ್‌ನೆಟ್ ಸ್ಥಗಿತದ ಪ್ರತಿಯೊಂದು ಆದೇಶದ ಲೆಕ್ಕವನ್ನು ಸದನದ ಮುಂದಿಡಲು ಸಂಪುಟದಲ್ಲಿ ಒತ್ತಾಯಿಸಿ. ಪರಿಶೀಲನಾ ಸಮಿತಿಯಲ್ಲಿ ಒಬ್ಬ ನಿವೃತ್ತ ನ್ಯಾಯಮೂರ್ತಿಯಾದರೂ ಇರಲಿ. 8(1)(ಜೆ) ಮೊದಲಿನಂತಾಗಲಿ. ಈ ಬಗ್ಗೆ ನಿಮ್ಮ ನಿಲುವೇನು ಎಂಬುದನ್ನು ಮುಂದಿನ ಅಧಿವೇಶನಕ್ಕೆ ಮುಂಚೆ ಕ್ಷೇತ್ರದ ಜನರಿಗೆ ಬಹಿರಂಗವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಅಣ್ಣಿಗೇರಿ ತಾಲ್ಲೂಕು