ಸೊಸೈಟಿ ಅಕ್ಕಿಯ ನಾಚಿಕೆಗೆ ಎಷ್ಟು ರೂಪಾಯಿ?



ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ನಾಲೆಯಲ್ಲಿ ಎಷ್ಟು ನೀರು ಬಿಟ್ಟೆವು, ಕೊನೆಯ ಹೊಲಕ್ಕೆ ಎಷ್ಟು ತಲುಪಿತು, ನಡುವೆ ಸೋರಿದ್ದೆಷ್ಟು ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಈಗ ಅಂತರಸಂತೆಯಲ್ಲಿ ಕೂತು ಅದೇ ಲೆಕ್ಕವನ್ನು ಅಡುಗೆಮನೆಗೆ ಹಾಕುತ್ತಿದ್ದೇನೆ. ಕಾರಣವಿದೆ.

ಸಂಬಂಧದಲ್ಲಿ ನನಗೆ ಸೊಸೆಯಾಗಬೇಕಾದ ಒಬ್ಬ ಹೆಣ್ಣುಮಗಳು ಮಗನ ಹಾಸ್ಟೆಲ್ ಖರ್ಚಿಗೆಂದು 5,000 ರೂಪಾಯಿ ಕೈಗಡ ಕೇಳಲು ಬಂದಳು. ಎರಡು ಎಕರೆ ಮಳೆಯಾಶ್ರಿತ ಹೊಲ, ಕಾರ್ಡಿನಲ್ಲಿ ನಾಲ್ಕು ಹೆಸರು. ಕೊಡುತ್ತೇನೆ, ಆದರೆ ಮೊದಲು ತಿಂಗಳ ಖರ್ಚು ಬರೆಸು ಎಂದೆ. ಬರೆಯುತ್ತಾ ಹೋದಾಗ ಗೊತ್ತಾಯಿತು: ತಿಂಗಳಿಗೆ ಬರುವ 40 ಕೆಜಿ ಅಕ್ಕಿಯಲ್ಲಿ 10 ಕೆಜಿ ದೋಸೆ, ರೊಟ್ಟಿಗೆ ಇಟ್ಟುಕೊಂಡು ಉಳಿದ 30 ಕೆಜಿಯನ್ನು ಗೂಡ್ಸ್ ಆಟೋದಲ್ಲಿ ಬರುವವನಿಗೆ ಕೆಜಿಗೆ 15 ರೂಪಾಯಿಯಂತೆ ಹಾಕುತ್ತಾಳೆ. ಬರುವುದು 450. ಅನ್ನಕ್ಕೆಂದು ಅಂಗಡಿಯಿಂದ 60 ರೂಪಾಯಿಯ ಸಣ್ಣಕ್ಕಿ 20 ಕೆಜಿ ತರುತ್ತಾಳೆ. ಹೋಗುವುದು 1,200. ಕೈಬಿಡುವುದು ತಿಂಗಳಿಗೆ 750, ವರ್ಷಕ್ಕೆ 9,000 ರೂಪಾಯಿ. ಸೊಸೈಟಿ ಅಕ್ಕಿ ಮಾರುವುದು ಕಾನೂನಿಗೆ ವಿರುದ್ಧ ಎನ್ನುವುದು ಬೇರೆ ಮಾತು.

ಯಾಕಮ್ಮ ಹೀಗೆ ಎಂದರೆ, "ನೆಂಟ್ರು ಬಂದಾಗ ಸೊಸೈಟಿ ಅಕ್ಕಿ ಬಡ್ಸಕ್ಕಾಯ್ತದಾ ಮಾವ? ನಮ್ಮೋರು ಏನಂದ್ಕೊತಾರೆ?" ಎಂದಳು. ಆ ನಾಚಿಕೆಯ ಬೆಲೆಯೇ 9,000. ನೆಂಟರು ವರ್ಷಕ್ಕೆ ಎಷ್ಟು ದಿನ ಬರುತ್ತಾರೆ?

ಅವಳಿಗೆ ಇನ್ನೊಂದು ಸಂಶಯವೂ ಇತ್ತು. ಅಕ್ಕಿ ತೊಳೆದರೆ ಕೆಲವು ಕಾಳು ತೇಲುತ್ತವೆ, ಅವು ಪ್ಲಾಸ್ಟಿಕ್ ಅಂತೆ. ಊರಿನಲ್ಲಿ ಬಹಳ ಜನ ಅವನ್ನು ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಯಂತ್ರದಲ್ಲಿ ಮತ್ತೆ ಕಾಳಿನ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಸೇರಿಸಿದ ಕಾಳು ಅದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳನ್ನು ಕಾಡುತ್ತಿರುವುದರಿಂದ ಸರಕಾರ ಮಾಡಿದ ಏರ್ಪಾಡು ಇದು. ಆರಿಸಿ ಎಸೆದರೆ ಔಷಧವನ್ನೇ ಎಸೆದಂತೆ. ಒಂದೆರಡು ನೀರಿನಲ್ಲಿ ಮೆಲ್ಲಗೆ ತೊಳೆದರೆ ಸಾಕು.

ಅನ್ನಭಾಗ್ಯ ಶುರುವಾದದ್ದು 2013ರ ಜುಲೈಯಲ್ಲಿ. ಆಗ ಕೆಜಿಗೆ ಒಂದು ರೂಪಾಯಿ, ಆಮೇಲೆ ಉಚಿತ. 2023ರಲ್ಲಿ ಹೆಚ್ಚುವರಿ 5 ಕೆಜಿಗೆ ಅಕ್ಕಿ ಸಿಗದೆ, ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಶುರುಮಾಡಿದರು. ಅಡುಗೆಮನೆಗೆ ಆ 170 ರೂಪಾಯಿಯೇ ಒಳ್ಳೆಯದಿತ್ತು ಎನ್ನುವವನು ನಾನು, ಅದರಲ್ಲಿ ಬೇಳೆ ಬರುತ್ತಿತ್ತು. ನನ್ನ ಮನೆಯಾಕೆ ಒಪ್ಪುವುದಿಲ್ಲ. ದುಡ್ಡಾದರೆ ಬೇರೆ ಕಡೆ ಹೋಗುತ್ತದೆ, ಅಕ್ಕಿಯಾದರೆ ಮಡಕೆಗೇ ಬರುತ್ತದೆ ಎನ್ನುತ್ತಾಳೆ. ಗೂಡ್ಸ್ ಆಟೋದವನ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಅಕ್ಕಿ ಉಳಿಸಿಕೊಂಡರೆ ಮುಂದೇನು? ಅನ್ನವೊಂದರಿಂದ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ನಮ್ಮದು ರಾಗಿ, ಹುರುಳಿ, ಅವರೆಯ ಸೀಮೆ. ಸೊಸೆ ಬೇಳೆಯನ್ನು 100 ಗ್ರಾಂ ಪ್ಯಾಕೆಟ್ಟಿನಲ್ಲಿ 15 ರೂಪಾಯಿಗೆ ತರುತ್ತಿದ್ದಳು. ಕೆಜಿಗೆ 150 ಆಯಿತು. ಅದೇ ಅಂಗಡಿಯಲ್ಲಿ ಸಡಿಲ ಬೇಳೆ ಕೆಜಿಗೆ 120. ಕೈಯಲ್ಲಿ ಒಮ್ಮೆಗೆ 120 ಇಲ್ಲದವರೇ 150 ಕೊಡಬೇಕಾಗುತ್ತದೆ. ಬಡವನಿಗೇ ಎಲ್ಲವೂ ದುಬಾರಿ. ಆ 750ರಲ್ಲಿ ಮೊದಲ ತಿಂಗಳು ಬೇಳೆ, ಎಣ್ಣೆ ಒಟ್ಟಿಗೆ ತಂದರೆ ಈ ಸುಳಿಯಿಂದ ಹೊರಬರಬಹುದು. ಸುಗ್ಗಿ ಕಾಲದಲ್ಲಿ ಪಕ್ಕದ ಹೊಲದವರಿಂದಲೇ ಹುರುಳಿ, ಒಣ ಅವರೆ ಕೊಂಡು, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಹಾಕಿಟ್ಟರೆ ಮುಂದಿನ ಮಳೆಗಾಲದವರೆಗೆ ನಡೆಯುತ್ತದೆ. ಮೊಳಕೆ ಹುರುಳಿ ಬಸ್ಸಾರಿಗೆ ಬೇಳೆ ಬೇಕಿಲ್ಲ. ಸೊಸೈಟಿ ಅಕ್ಕಿಯನ್ನೇ ನುಚ್ಚು ಮಾಡಿಸಿ ಮುದ್ದೆಗೆ ಹಾಕಬಹುದು. ನೆನೆಹಾಕಿದರೆ ದೋಸೆ ಸಣ್ಣಕ್ಕಿಗಿಂತ ಚೆನ್ನಾಗಿಯೇ ಬರುತ್ತದೆ, ನಾನು ತಿಂದು ಹೇಳುತ್ತಿದ್ದೇನೆ.

ನಾಚಿಕೆಯ ಮಾತಿಗೆ ಮತ್ತೆ ಬರುತ್ತೇನೆ. ಆಯ್ದಕ್ಕಿ ಮಾರಯ್ಯನವರ ಕಾಯಕ ಯಾವುದು? ಚೆಲ್ಲಿದ ಅಕ್ಕಿಯನ್ನು ಆಯುವುದು. ಅದಕ್ಕೆ ಅವರು ನಾಚಲಿಲ್ಲ. ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮನವರು ವಾಪಸು ಕಳಿಸಿದರು. ನಾವು ಈ ಕಥೆಯ ಎರಡೂ ತುದಿಯನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಬೇಕಾದವಳು ತನ್ನ ಪಾಲನ್ನು ಬಚ್ಚಿಟ್ಟು ತಿನ್ನುತ್ತಾಳೆ. ಬೇಡದವನು ಹೆಬ್ಬೆಟ್ಟು ಒತ್ತಿ ರಾಜಾರೋಷವಾಗಿ ಹೊತ್ತುಕೊಂಡು ಹೋಗುತ್ತಾನೆ.

ಬೇರೆಯವರನ್ನು ಹೇಳುತ್ತಿಲ್ಲ. ನನ್ನ ಒಡಹುಟ್ಟಿದ ತಮ್ಮನಿಗೆ ಸ್ವಂತ ಕಾರಿದೆ, ವರಮಾನ 1.20 ಲಕ್ಷದ ಮಿತಿಯನ್ನು ಎಂದೋ ದಾಟಿದೆ. ಆದರೂ ಬಿಪಿಎಲ್ ಕಾರ್ಡ್ ಇದೆ. ಆ ಅಕ್ಕಿ ಅವರ ಮನೆಯಲ್ಲಿ ಹಸುವಿಗೆ ಬೇಯುತ್ತದೆ. ಹತ್ತಿರದ ಹಾಡಿಗಳಲ್ಲಿ ಕಾರ್ಡಿಗೆ ಹೆಸರು ಸೇರಿಸಿಕೊಳ್ಳಲು ಜನ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುವುದನ್ನು ಅವನೂ ನೋಡಿದ್ದಾನೆ. ಕಾರ್ಡ್ ಹಿಂದಿರುಗಿಸು ಎಂದೆ. "ನಿನಗೆ ಪೆನ್ಷನ್ ಬರ್ತದೆ ಅಣ್ಣ, ಮಾತಾಡ್ತೀಯ" ಎಂದ. ಆ ಮಾತಿನಲ್ಲಿ ನಿಜವಿಲ್ಲದೆ ಇಲ್ಲ, ಒಂದು ವರ್ಷದ ಬೆಳೆ ಹೋದರೆ ಅವನ ಗತಿ ನನ್ನಂತಲ್ಲ. ಆದರೂ ಕಾರಿಗೆ ಪೆಟ್ರೋಲು ಹಾಕಿಸುವವನಿಗೆ ಆ ಅಕ್ಕಿ ಸಲ್ಲದು. ಯುಗಾದಿಯಿಂದ ಅವನು ನನ್ನ ಮನೆಗೆ ಬಂದಿಲ್ಲ.

ಸೊಸೆಗೆ 5,000 ಕೊಟ್ಟೆ, ಲೆಕ್ಕದ ಪುಸ್ತಕವನ್ನೂ ಕೊಟ್ಟೆ. ಕಳೆದ ತಿಂಗಳು ಗೂಡ್ಸ್ ಆಟೋ ಅವಳ ಮನೆಮುಂದೆ ನಿಂತು ಹಾರ್ನ್ ಮಾಡಿ ಹೋಯಿತಂತೆ. ಮೊನ್ನೆ ನಾನು ಹೋದಾಗ ಸೊಸೈಟಿ ಅಕ್ಕಿಯ ಅನ್ನ, ಹುರುಳಿ ಸಾರು ಬಡಿಸಿದಳು. ಬಡಿಸುವಾಗ ಸ್ವಲ್ಪ ಮುಖ ತಗ್ಗಿಸಿದಳು. ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ.