ಪುಸ್ತಕದ ಬೆಲೆಯೂ ಬರಹದ ಕಾಯಕವೂ

ಶರಣಧರ್ಮದಲ್ಲಿ ಕಾಯಕ ಮತ್ತು ದಾಸೋಹಗಳು ಒಂದನ್ನೊಂದು ಬಿಟ್ಟಿರಲಾರವು. ಕಾಯಕದ ನ್ಯಾಯವಾದ ಪ್ರತಿಫಲವಿಲ್ಲದೆ ದಾಸೋಹ ನಡೆಯದು. ದಾಸೋಹದ ದೃಷ್ಟಿಯಿಲ್ಲದ ದುಡಿಮೆ ಕಾಯಕವೆನಿಸದು. ಒಕ್ಕಲುತನ, ನೇಯ್ಗೆ, ಕಮ್ಮಾರಿಕೆಗಳಿಗೆ ಈ ತತ್ತ್ವವನ್ನು ಅನ್ವಯಿಸಿ ವಿವರಿಸುವವರು ಅನೇಕರು. ಆದರೆ ಬರೆಯುವವನ ದುಡಿಮೆಗೂ, ಬರೆದದ್ದನ್ನು ಊರೂರಿನಲ್ಲಿ ಮಾರುವವನ ದುಡಿಮೆಗೂ ಅದು ಸಲ್ಲುತ್ತದೆ ಎಂಬುದನ್ನು ಸದ್ಭಕ್ತ ಸಮಾಜವು ಮರೆತಂತಿದೆ.

ವಚನಗಳು ಇಂದು ಮನೆಮನೆಯಲ್ಲಿ ದೊರೆಯುವುದರ ಹಿಂದೆ ಡಾ. ಫ.ಗು. ಹಳಕಟ್ಟಿಯವರ (1880–1964) ಅಪಾರ ಶ್ರಮವಿದೆ. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಅವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದ ಅವರ ತ್ಯಾಗವನ್ನು ವೇದಿಕೆಗಳ ಮೇಲೆ ಅಭಿಮಾನದಿಂದ ಕೊಂಡಾಡಲಾಗುತ್ತದೆ. ಆ ತ್ಯಾಗ ಹಳಕಟ್ಟಿಯವರ ಹಿರಿಮೆ ನಿಜ. ಆದರೆ ಅವರು ಮನೆ ಮಾರಬೇಕಾಗಿ ಬಂದುದು ಸಮಾಜದ ಹಿರಿಮೆಯೇನಲ್ಲ. ಒಬ್ಬ ಮಹನೀಯರು ತಾವಾಗಿ ಮಾಡಿದ ತ್ಯಾಗವನ್ನು ಅನಂತರದ ವಿದ್ವಾಂಸರೆಲ್ಲರ ಮೇಲೆ ಕರ್ತವ್ಯವೆಂದು ಹೇರುವುದು ನ್ಯಾಯವಲ್ಲ.

‘ವಚನಗಳು ಎಲ್ಲರ ಸ್ವತ್ತು, ಅವಕ್ಕೆ ಬೆಲೆಯೆಲ್ಲಿಯದು?’ ಎಂದು ಕೇಳುವವರುಂಟು. ವಚನಗಳು ಸರ್ವರ ಸ್ವತ್ತೆಂಬುದು ದಿಟ. ಆದರೆ ಹಸ್ತಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವುದು, ಕಠಿಣ ಪದಗಳಿಗೆ ಅರ್ಥ ಬರೆಯುವುದು, ವ್ಯಾಖ್ಯಾನ ರಚಿಸುವುದು ಒಬ್ಬ ವ್ಯಕ್ತಿಯ ವರ್ಷಗಳ ದುಡಿಮೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯೂ ಈ ದುಡಿಮೆಯನ್ನು ಮನ್ನಿಸಿದೆ. ಲೇಖಕನು ನಿಧನನಾದ ವರ್ಷ ಕಳೆದ ಮೇಲೆ 60 ವರ್ಷಗಳವರೆಗೆ ಕೃತಿಯ ಹಕ್ಕು ಅವನ ವಾರಸುದಾರರಿಗೆ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅದರಲ್ಲಿ ಗೌರವಧನದ ವಿವರವೂ ಇರಬೇಕು ಎಂದು ಕಾಯಿದೆ ಹೇಳುತ್ತದೆ. ವರ್ಗಾವಣೆಯ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೇ ಪರಿಗಣಿತವಾಗುತ್ತದೆ. ಇಷ್ಟಾದರೂ ಕನ್ನಡದಲ್ಲಿ ಕರಾರುಪತ್ರವಿಲ್ಲದೆ, ಗೌರವಧನದ ಬದಲು ಕೆಲವು ಪ್ರತಿಗಳನ್ನು ಕೊಟ್ಟು ಪ್ರಕಟವಾಗುವ ಪುಸ್ತಕಗಳು ಕಡಿಮೆಯಿಲ್ಲ.

ಈ ವಿಷಯದಲ್ಲಿ ಧಾರ್ಮಿಕ ಸಂಸ್ಥೆಗಳೂ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಜಾತ್ರೆ, ಶತಮಾನೋತ್ಸವಗಳ ಸಂದರ್ಭದಲ್ಲಿ ಸ್ಮರಣ ಸಂಪುಟಗಳು ಹೊರಬರುತ್ತವೆ. ಮಂಟಪದವನಿಗೆ, ಧ್ವನಿವರ್ಧಕದವನಿಗೆ, ಮುದ್ರಕನಿಗೆ ಹಣ ಸಲ್ಲುತ್ತದೆ. ಲೇಖನ ಬರೆದವನಿಗೆ ಮಾತ್ರ ಶಾಲು ಮತ್ತು ಫಲತಾಂಬೂಲ. ಅನಂತರ ಆ ಸಂಪುಟವನ್ನು ‘ಜ್ಞಾನದಾಸೋಹ’ವೆಂದು ಉಚಿತವಾಗಿ ಹಂಚಲಾಗುತ್ತದೆ. ಅನ್ನದಾಸೋಹಕ್ಕೆ ಅಕ್ಕಿಯನ್ನು ಕೊಂಡು ತರುವವರು ರೈತನಿಗೆ ಹಣ ಕೊಡದೆ ಬರುವುದಿಲ್ಲ. ಹಾಗಿರುವಾಗ ಅಕ್ಷರದ ಬೆಳೆ ತೆಗೆದವನಿಗೆ ಮಾತ್ರ ಬೇರೆ ನಿಯಮವೇಕೆ? ತನ್ನದನ್ನು ಕೊಡುವುದು ದಾಸೋಹ. ಪರರ ದುಡಿಮೆಯನ್ನು ಕೊಡುವುದು ದಾಸೋಹವಾಗದು. ಹೊಸ ಪುಸ್ತಕವನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್‌ನಲ್ಲಿ ಹಂಚಿ ಪುಣ್ಯ ಗಳಿಸಿದೆವೆಂದು ಭಾವಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಪುಸ್ತಕದಂಗಡಿಯ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಕನ್ನಡದ ಓದುಗ ವರ್ಗ ಬೆಳೆದುದು ಇಂಥವರ ಕಾಲ್ನಡಿಗೆ ಮತ್ತು ಹಠಗಳಿಂದ. ಇಂದು ಭಕ್ತನೊಬ್ಬನು ಊರಿನ ಅಂಗಡಿಯಲ್ಲಿ ಪುಸ್ತಕವನ್ನು ತಿರುವಿ ನೋಡಿ, ಅಂಗಡಿಯವನಿಂದ ಸಲಹೆ ಪಡೆದು, ಕೊನೆಗೆ ಹತ್ತಿಪ್ಪತ್ತು ರೂಪಾಯಿಯ ಉಳಿತಾಯಕ್ಕಾಗಿ ಅಂತರ್ಜಾಲದ ದೊಡ್ಡ ಮಳಿಗೆಯಿಂದ ತರಿಸಿಕೊಳ್ಳುತ್ತಾನೆ. 200 ರೂಪಾಯಿಯ ಪುಸ್ತಕವೊಂದಕ್ಕೆ ಶೇ. 10ರಂತೆ ಗೌರವಧನ ಸಂದರೆ ಲೇಖಕನಿಗೆ ದೊರೆಯುವುದು 20 ರೂಪಾಯಿ. 1000 ಪ್ರತಿಗಳೂ ಮಾರಾಟವಾದರೆ 20,000 ರೂಪಾಯಿ. ವರ್ಷಗಳ ಅಧ್ಯಯನಕ್ಕೆ ಇದು ಹೆಚ್ಚಲ್ಲ. ಅಂಗಡಿಯವನಾದರೋ ತನ್ನ ಪಾಲಿನ ಅಂತರದಲ್ಲಿಯೇ ಬಾಡಿಗೆ, ವಿದ್ಯುತ್ತು, ಸಹಾಯಕನ ಸಂಬಳವನ್ನು ಭರಿಸಬೇಕು. ಅವನ ಬಾಗಿಲು ಮುಚ್ಚಿದ ಊರಿನಲ್ಲಿ ವಚನ ವ್ಯಾಖ್ಯಾನದ ಹೊಸ ಕೃತಿ ಬಂದಿದೆಯೆಂಬ ಸುದ್ದಿಯೂ ಓದುಗರನ್ನು ಮುಟ್ಟುವುದು ಕಷ್ಟ.

ಬಡ ವಿದ್ಯಾರ್ಥಿಗಳ ಗತಿಯೇನೆಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಗ್ರಂಥಾಲಯವಿದೆ, ಸುಲಭ ಬೆಲೆಯ ಆವೃತ್ತಿಗಳಿವೆ. ಉಳ್ಳವರು ಪುಸ್ತಕಗಳನ್ನು ಪೂರ್ಣ ಬೆಲೆಗೆ ಕೊಂಡು ವಿದ್ಯಾರ್ಥಿಗಳಿಗೆ ನೀಡಿದರೆ ಅದು ನಿಜವಾದ ಜ್ಞಾನದಾಸೋಹ. ಅಲ್ಲಿ ಕೊಡುವವನು ಕೊಟ್ಟಂತಾಗುತ್ತದೆ, ದುಡಿದವನಿಗೂ ಸಂದಂತಾಗುತ್ತದೆ.

ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹಿಂದಕ್ಕೆ ಕಳಿಸಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದುದೇ. ನಮ್ಮ ಪಾಲಿಗೆ ಸಲ್ಲದುದನ್ನು ಮನೆಯೊಳಗೆ ತರಬಾರದೆಂಬುದು ಆ ತಾಯಿಯ ನಿಲುವು. ಲೇಖಕನಿಗೆ ಸಲ್ಲಬೇಕಾದ ಇಪ್ಪತ್ತು ರೂಪಾಯಿಯೂ ಹಾಗೆ ನಮ್ಮದಲ್ಲದ ಅಕ್ಕಿಯೇ. ಈ ವರ್ಷದ ಬಸವ ಜಯಂತಿಗೆ ಪ್ರತಿಯೊಂದು ಭಕ್ತ ಕುಟುಂಬವೂ ಊರಿನ ಪುಸ್ತಕದಂಗಡಿಯಿಂದ ಒಂದು ಕೃತಿಯನ್ನಾದರೂ, ರಿಯಾಯಿತಿ ಕೇಳದೆ, ಕೊಂಡು ಓದಲಿ. ಸಂಪುಟಗಳನ್ನು ಹೊರತರುವ ಸಂಸ್ಥೆಗಳು ಖರ್ಚಿನ ಪಟ್ಟಿಯಲ್ಲಿ ಲೇಖಕನ ಹೆಸರನ್ನು ಮೊದಲು ಬರೆಯಲಿ.