ದೀಪ ಹಾಕಿದರೆ ಸಾಲದು, ನಿಲ್ಲುವವರು ಬೇಕು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜತ್ತ, ಅಕ್ಕಲಕೋಟೆ, ಇಂಡಿ ಕಡೆಯ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸುವುದೆಂದರೆ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಟಯರ್ ಒಡೆದು ನಡುರಸ್ತೆಯಲ್ಲೇ ನಿಂತುಬಿಟ್ಟಿರುತ್ತದೆ. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿ ಇದ್ದರೂ ಕಬ್ಬಿನ ಜಲ್ಲೆ ಅದನ್ನು ಮುಚ್ಚಿರುತ್ತದೆ. ಡ್ರೈವರ್ ಹಿಂದಕ್ಕೆ ನಾಲ್ಕು ಕಲ್ಲಿಟ್ಟು, ಒಂದು ಸೊಪ್ಪಿನ ಕೊಂಬೆ ಮುರಿದು ಹಾಕಿ, ಬೀಡಿ ಹಚ್ಚಿ ಕೂತಿರುತ್ತಾನೆ. ಬೆಳಿಗ್ಗೆ ಗಾಡಿ ಹೊರಡುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಮರುದಿನ ರಾತ್ರಿ ಬೈಕಿನವನೊಬ್ಬ ಆ ಕಲ್ಲಿಗೇ ಬಂದು ಬೀಳುತ್ತಾನೆ. ಇದು ಯಾರೂ ಕಾಣದ ಸಂಗತಿಯಲ್ಲ. ನಾವೆಲ್ಲ ಕಂಡದ್ದೇ, ದಾಟಿಕೊಂಡು ಹೋದದ್ದೇ.

ಇಂಥ ಹೊತ್ತಿನಲ್ಲಿ ನಿಂತು ಸಹಾಯ ಮಾಡುವ ಹುಡುಗರು ಗಡಿ ಊರುಗಳಲ್ಲಿ ಇದ್ದಾರೆ ಎಂಬುದು ಸಮಾಧಾನದ ಮಾತು. ದಿಂಬಂ ಘಾಟಿಯ 27 ತಿರುವುಗಳಲ್ಲಿ ಲಾರಿಯೊಂದು ಸಿಕ್ಕಿಕೊಂಡರೆ ತಾಳವಾಡಿ ಕಡೆಯ ತರಕಾರಿ ವ್ಯಾನಿನವರೇ ಇಳಿದು ಕಲ್ಲು ಕೊಡುತ್ತಾರೆ, ಹಗ್ಗ ಕಟ್ಟುತ್ತಾರೆ. ಕಾಸರಗೋಡಿನ ಕಡೆ ಕಾರು ಕೆಟ್ಟರೆ ಭಾಷೆ ಕೇಳದೆ ಸ್ಟೆಪ್ನಿ ಬಿಚ್ಚಿಕೊಡುವವರಿದ್ದಾರೆ. ಆದರೆ ಇಂಥವರಲ್ಲಿ ಕೆಲವರು ಈಚೆಗೆ ತಮ್ಮ ಜೀಪಿನ ತಲೆ ಮೇಲೆ, ಬೈಕಿನ ಮುಂದೆ ಕೆಂಪು-ನೀಲಿ ಮಿಣುಕುವ ದೀಪ ಹಾಕಿಸಿಕೊಳ್ಳಲು ಶುರು ಮಾಡಿದ್ದಾರೆ. "ದೂರದಿಂದಲೇ ಕಾಣ್ತದೆ ಸಾರ್, ಹಿಂದಿನ ಗಾಡಿಯವರು ಸ್ಲೋ ಮಾಡ್ತಾರೆ" ಎನ್ನುವುದು ಅವರ ಮಾತು. ಉದ್ದೇಶ ಒಳ್ಳೆಯದು. ದಾರಿ ಸರಿಯೇ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಇದು ಹಳೆಯ ಚರ್ಚೆ. ಅಲ್ಲಿನ ಹಳ್ಳಿ, ಸಣ್ಣ ಪೇಟೆಗಳಲ್ಲಿ ಬೆಂಕಿ ಆರಿಸುವವರು ಸಂಬಳದ ನೌಕರರಲ್ಲ, ಊರಿನ ಜನವೇ. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥ ಒಂದು ತಂಡ ಕಟ್ಟಿದ. ಇವತ್ತಿಗೂ ಆ ದೇಶದ ಅಗ್ನಿಶಾಮಕರಲ್ಲಿ ಹತ್ತಕ್ಕೆ ಆರಕ್ಕಿಂತ ಹೆಚ್ಚು ಮಂದಿ ಸ್ವಯಂಸೇವಕರು. ಕರೆ ಬಂದರೆ ರೈತ ಹೊಲ ಬಿಟ್ಟು, ಅಂಗಡಿಯವನು ಗಲ್ಲಾ ಬಿಟ್ಟು ಸ್ವಂತ ಗಾಡಿಯಲ್ಲೇ ಓಡಬೇಕು. ಅದಕ್ಕಾಗಿಯೇ ಹಲವು ರಾಜ್ಯಗಳು ಅವರ ಸ್ವಂತ ಗಾಡಿಗೂ ಒಂದು ದೀಪ ಹಾಕಿಕೊಳ್ಳಲು ಬಿಟ್ಟಿವೆ. ನ್ಯೂಯಾರ್ಕ್ ರಾಜ್ಯದಲ್ಲಿ ಅಗ್ನಿಶಾಮಕ ಸ್ವಯಂಸೇವಕನಿಗೆ ನೀಲಿ ದೀಪ, ಆಂಬುಲೆನ್ಸ್ ಸ್ವಯಂಸೇವಕನಿಗೆ ಹಸಿರು ದೀಪ. ಅದಕ್ಕೂ ತಂಡದ ಮುಖ್ಯಸ್ಥನ ಲಿಖಿತ ಒಪ್ಪಿಗೆ ಬೇಕು.

ಆದರೆ ಆ ದೀಪಕ್ಕೆ ಇರುವ ಬೆಲೆ ಎಷ್ಟು? ಅದು ಬರೀ ವಿನಂತಿಯ ದೀಪ. ದೊಡ್ಡ ಅಗ್ನಿಶಾಮಕ ವಾಹನಕ್ಕಿರುವ ಹಕ್ಕು ಅದಕ್ಕಿಲ್ಲ. ನೀಲಿ ದೀಪ ಹಾಕಿದೆನೆಂದು ಸಿಗ್ನಲ್ ಹಾರಿಸುವಂತಿಲ್ಲ, ವೇಗದ ಮಿತಿ ಮೀರುವಂತಿಲ್ಲ. ಎದುರಿನವನು ಒಳ್ಳೆಯ ಮನಸ್ಸಿನಿಂದ ದಾರಿ ಬಿಟ್ಟರೆ ಸರಿ. ತುರ್ತು ಕರೆಗೆ ಹೋಗುವಾಗ ಮತ್ತು ಆ ಕೆಲಸದಲ್ಲಿರುವಾಗ ಮಾತ್ರ ಅದನ್ನು ಹಾಕಬೇಕು. ಹಾಗಿದ್ದರೆ ಮನೆಗೆ ವಾಪಸು ಹೋಗುವ ದಾರಿಯಲ್ಲಿ ಯಾರದೋ ಕಾರು ಪಂಕ್ಚರ್ ಆಗಿ ನಿಂತಿದೆ, ಇವನು ಸಹಾಯಕ್ಕೆ ಇಳಿಯುತ್ತಾನೆ, ಆಗ ನೀಲಿ ದೀಪ ಹಾಕಬಹುದೇ? ಹಾಕದಿದ್ದರೆ ಹಿಂದಿನಿಂದ ಬರುವವನು ಇಬ್ಬರನ್ನೂ ಒರೆಸಿಕೊಂಡು ಹೋದಾನು ಎಂದು ಕೆಲವರು ಹೇಳುತ್ತಾರೆ. ಯಾರೂ ಕರೆಯದ ಕೆಲಸಕ್ಕೆ ದೀಪ ಹಾಕಿದರೆ ನಾಳೆ ಆ ದೀಪಕ್ಕೆ ಮರ್ಯಾದೆ ಇರುವುದಿಲ್ಲ ಎಂದು ಇನ್ನು ಕೆಲವರು. ಎರಡೂ ಮಾತಿನಲ್ಲಿ ತೂಕವಿದೆ.

ಗಡಿಯವರಾದ ನಮಗೆ ಇದರಲ್ಲಿ ಇನ್ನೊಂದು ಪಾಠವಿದೆ. ಪೆನ್ಸಿಲ್ವೇನಿಯಾದಲ್ಲಿ ನೀಲಿ ದೀಪವೆಂದರೆ ಅಗ್ನಿಶಾಮಕ ಸ್ವಯಂಸೇವಕ. ಪಕ್ಕದ ಒಹಾಯೋದಲ್ಲಿ ಅದೇ ನೀಲಿ ಪೊಲೀಸರದ್ದು. ಗೆರೆ ದಾಟಿದ ಕೂಡಲೇ ಉಪಕಾರಿಯ ದೀಪ ಅಪರಾಧಿಯ ದೀಪವಾಗಿಬಿಡುತ್ತದೆ! ಮೋಡ ಗೆರೆ ನೋಡುವುದಿಲ್ಲ, ಬೆಂಕಿಯೂ ನೋಡುವುದಿಲ್ಲ. ಕಾನೂನು ಮಾತ್ರ ನೋಡುತ್ತದೆ. ಈ ಕಷ್ಟ ಹೊಸೂರಿನವರಿಗೆ, ಮಡಕಶಿರಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಮೇಲಿನ ಕೆಂಪು ಗೂಟದ ದೀಪವೇ ಇಳಿಯಿತು. ಮಿಣುಕುವ ದೀಪ ಈಗ ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ತುರ್ತು ಸೇವೆಯ ವಾಹನಗಳಿಗೆ ಮೀಸಲು. ಮಂತ್ರಿಗೇ ಇಲ್ಲದ ದೀಪ ನಮ್ಮ ಜೀಪಿಗೆ ಯಾಕೆ ಬೇಕು? ತುರ್ತು ವಾಹನಕ್ಕೆ ದಾರಿ ಬಿಡದವನಿಗೆ 2019ರ ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆ. ಅಷ್ಟು ಬೆಲೆಯ ದೀಪವನ್ನು ಸಿಕ್ಕಸಿಕ್ಕವರು ಹಾಕಿಕೊಂಡರೆ ನಿಜವಾದ ಆಂಬುಲೆನ್ಸ್ ಬಂದಾಗಲೂ ಜನ "ಇದೂ ಯಾವನದೋ ಜೀಪು" ಎಂದು ಪಕ್ಕಕ್ಕೆ ಸರಿಯುವುದಿಲ್ಲ.

ಇನ್ನೊಂದು ಭಯವೂ ಇದೆ. ರಾತ್ರಿ ಹೊತ್ತು ಹೆಂಡತಿ ಮಕ್ಕಳ ಜೊತೆ ಕೆಟ್ಟು ನಿಂತವನ ಹತ್ತಿರ ದೀಪ ಮಿಣುಕಿಸಿಕೊಂಡು ಒಂದು ಗಾಡಿ ಬಂದು ನಿಂತರೆ ಅವನು ಏನೆಂದು ತಿಳಿಯಬೇಕು? ಪೊಲೀಸರೋ, ಸಹಾಯಕ್ಕೆ ಬಂದವರೋ, ದರೋಡೆಯವರೋ? ವ್ಯಾಪಾರದ ದುಡ್ಡು ಕಟ್ಟಿಕೊಂಡು ಆದವಾನಿಯ ಹತ್ತಿ ಮಾರುಕಟ್ಟೆಯಿಂದಲೋ ಸೊಲ್ಲಾಪುರದ ಉಳ್ಳಾಗಡ್ಡಿ ಮಾರುಕಟ್ಟೆಯಿಂದಲೋ ವಾಪಸಾಗುವವನ ಎದೆಬಡಿತ ಅವನಿಗೇ ಗೊತ್ತು. ಅಧಿಕಾರವಿಲ್ಲದವನು ಅಧಿಕಾರದ ದೀಪ ಹಾಕಿದರೆ ಭಯ ಹೆಚ್ಚುತ್ತದೆ, ನಂಬಿಕೆ ಹುಟ್ಟುವುದಿಲ್ಲ.

ಹಾಗಾದರೆ ಸಹಾಯ ಮಾಡುವವನು ಕತ್ತಲಲ್ಲಿ ನಿಲ್ಲಬೇಕೇ? ಖಂಡಿತ ಬೇಡ. ಪ್ರತಿ ಕಾರಿನಲ್ಲೂ ನಾಲ್ಕು ಇಂಡಿಕೇಟರ್ ಒಟ್ಟಿಗೆ ಮಿಣುಕುವ ಒಂದು ಗುಂಡಿ ಇದೆ. ಅದು ಇರುವುದೇ ಇಂಥ ಹೊತ್ತಿಗೆ. ಮಳೆಯಲ್ಲಿ ಓಡುವಾಗ, ಮೆರವಣಿಗೆಯಲ್ಲಿ ಹೋಗುವಾಗ ಅದನ್ನು ಒತ್ತುವ ನಾವು ಗಾಡಿ ಕೆಟ್ಟಾಗ ಮಾತ್ರ ಮರೆಯುತ್ತೇವೆ. ಹೊಸ ಕಾರಿನ ಜೊತೆ ಬರುವ ಕೆಂಪು ತ್ರಿಕೋನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಬಿಚ್ಚದೆ ಬಿದ್ದಿರುತ್ತದೆ. ಅದನ್ನು ಗಾಡಿಯ ಬುಡದಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಹಿಂದಿನವನಿಗೆ ಬ್ರೇಕ್ ಹಿಡಿಯಲು ಅವಕಾಶ ಸಿಗುವಷ್ಟು ದೂರ ಇಡಬೇಕು. ತಿರುವಿದ್ದರೆ ತಿರುವಿಗೂ ಹಿಂದೆ ಇಡಬೇಕು. ಒಂದು ಹೊಳೆಯುವ ಜಾಕೆಟ್, ಒಂದು ಟಾರ್ಚ್ ಇದ್ದರೆ ಸಾಕು. ಜನರನ್ನು ಗಾಡಿಯೊಳಗೆ ಕೂರಿಸದೆ ರಸ್ತೆಯಿಂದ ಆಚೆ ನಿಲ್ಲಿಸಬೇಕು. ಟ್ರ್ಯಾಕ್ಟರಿನವರು ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ, ಅದು ಕಬ್ಬಿನ ಮರೆಗೆ ಹೋಗದಂತೆ ನೋಡಿಕೊಳ್ಳಬೇಕು. ಕಲ್ಲಿಟ್ಟವನು ಹೊರಡುವಾಗ ಕಲ್ಲು ತೆಗೆಯಲಿ. ಗಾಡಿಯನ್ನು ಅಪಾಯವಾಗುವಂತೆ ರಸ್ತೆಯಲ್ಲಿ ಬಿಟ್ಟುಹೋಗುವುದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ತಪ್ಪು.

ನಿಲ್ಲದವರ ಮಾತೇ ಬೇರೆ. "ನಿಂತರೆ ಪೊಲೀಸ್ ಸ್ಟೇಷನ್, ಕೋರ್ಟು ಅಂತ ತಿರುಗಬೇಕು, ಅದೂ ಬೇರೆ ರಾಜ್ಯದಲ್ಲಿ" ಎಂಬ ಹೆದರಿಕೆ ಗಡಿಯಲ್ಲಿ ಒಂದು ಪಾಲು ಹೆಚ್ಚು. ಈ ಹೆದರಿಕೆಗೆ ಈಗ ಆಧಾರವಿಲ್ಲ. ಉಪಕಾರಿಗಳ ರಕ್ಷಣೆಯ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಕರ್ನಾಟಕವೂ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿತು. 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಮು ಇಡೀ ದೇಶಕ್ಕೆ ಅನ್ವಯ. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳೆಂದು ಬಲವಂತ ಮಾಡುವಂತಿಲ್ಲ. ಅವನಾಗಿ ಒಪ್ಪಿದರೆ ಮಾತ್ರ ಸಾಕ್ಷಿ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಇಟ್ಟಿತು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿತು. 2025ರ ಮೇ ತಿಂಗಳಲ್ಲಿ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನದ ಒಳಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಬಂತು. ಇದಕ್ಕೆ ಯಾವ ರಾಜ್ಯದವನು ಎಂಬ ಪ್ರಶ್ನೆಯಿಲ್ಲ. ಇಷ್ಟು ವಿಷಯ ನಮ್ಮ ಸಂತೆಗಳಲ್ಲಿ, ಎಪಿಎಂಸಿ ಅಂಗಳಗಳಲ್ಲಿ, ಲಾರಿ ಸ್ಟಾಂಡುಗಳಲ್ಲಿ ಎರಡೂ ಭಾಷೆಯ ಬೋರ್ಡಿನಲ್ಲಿ ಯಾಕೆ ಇರಬಾರದು?

ಸರಕಾರಗಳೂ ಮಾಡಬೇಕಾದ ಕೆಲಸವಿದೆ. 2018ರ ನೆರೆಯಲ್ಲಿ ಪಾಠ ಕಲಿತ ಕೇರಳ ತನ್ನ ಅಗ್ನಿಶಾಮಕ ಠಾಣೆಗಳ ಕೆಳಗೆ, ಠಾಣೆಗೆ 50 ಮಂದಿಯಂತೆ, ನಾಗರಿಕ ರಕ್ಷಣಾ ಸ್ವಯಂಸೇವಕರನ್ನು ತಯಾರು ಮಾಡಿತು. ಕೇಂದ್ರದ ಆಪದ ಮಿತ್ರ ಯೋಜನೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಮಂದಿಗೆ ತರಬೇತಿಯ ಗುರಿ ಇಟ್ಟುಕೊಂಡಿತ್ತು. ಜೀಪಿಗೆ ದೀಪ ಹಾಕಿಸಿಕೊಳ್ಳುವ ನಮ್ಮ ಹುಡುಗರ ಹುರುಪನ್ನು ಹಿಡಿದು ನಿಲ್ಲಿಸುವ ಜಾಗ ಇದು. ಅವರಿಗೆ ತರಬೇತಿ ಕೊಡಿ, ಜಾಕೆಟ್ ಕೊಡಿ, ಗುರುತಿನ ಚೀಟಿ ಕೊಡಿ. ಆ ಚೀಟಿಗೆ ಗೆರೆಯ ಎರಡೂ ಕಡೆ ಬೆಲೆ ಬರುವಂತೆ ಅಕ್ಕಪಕ್ಕದ ಜಿಲ್ಲಾಧಿಕಾರಿಗಳು ಕೂತು ಮಾತಾಡಲಿ. ಕಷ್ಟದಲ್ಲಿರುವವನು 112ಕ್ಕೆ ಮಾಡಿದ ಫೋನು ಆಚೆ ರಾಜ್ಯದ ಟವರಿಗೆ ಹೋದರೂ, "ಇದು ನಮ್ಮ ಹದ್ದಿನಲ್ಲಿ ಬರೋದಿಲ್ಲ" ಎಂಬ ಉತ್ತರ ಯಾರ ಬಾಯಿಂದಲೂ ಬರಬಾರದು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಇದೆ, ಅದನ್ನೂ ನೆನಪಿಡಬೇಕು.

ಗೆರೆ ಹೇಗೆ ಜೀವಕ್ಕೆ ಅಡ್ಡ ಬರುತ್ತದೆಂದು 2020ರಲ್ಲಿ ನೋಡಿದ್ದೇವೆ. ಕೋವಿಡ್ ಹೊತ್ತಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸುಗಳು ವಾಪಸು ಹೋದವು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂದು ಆಂಬುಲೆನ್ಸಿನ ಮೇಲೆ ದೀಪ ಉರಿಯುತ್ತಲೇ ಇತ್ತು, ದಾರಿ ಬಿಡುವ ಮನಸ್ಸೇ ಇರಲಿಲ್ಲ.

ಆದ್ದರಿಂದ ನಮ್ಮ ಹುಡುಗರಿಗೆ ಹೇಳುವುದು ಇಷ್ಟೇ. ಜೀಪಿನ ಮೇಲಿನ ಕೆಂಪು-ನೀಲಿ ದೀಪ ಇಳಿಸಿಬಿಡಿ, ನಿಲ್ಲುವ ಅಭ್ಯಾಸ ಮಾತ್ರ ಬಿಡಬೇಡಿ. ಇಂಡಿಕೇಟರ್ ಹಾಕಿ, ತ್ರಿಕೋನ ಇಟ್ಟು, ಎದುರಿನವನ ಭಾಷೆಯಲ್ಲಿ "ಹೆದರಬೇಡಿ, ಪಕ್ಕದ ಊರಿನವನು" ಎಂದು ಒಂದು ಮಾತು ಹೇಳಿ. ಎರಡು ಭಾಷೆ ಬಲ್ಲ ಗಡಿನಾಡಿನವನಿಗೆ ಅದು ಕಷ್ಟವೇನಲ್ಲ. ಕತ್ತಲಲ್ಲಿ ಕೆಟ್ಟು ನಿಂತವನ ಭಯ ಹೋಗುವುದು ಆ ಒಂದು ಮಾತಿನಿಂದಲೇ.